ಬೇಟೆಗೂ ಬೆಂಗಾವಲಿಗೂ ಒಂದೇ ರಿವಾಲ್ವರ್ ಆದೀತೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ದೊಡ್ಡ ಕ್ಯಾಲಿಬರಿನ (ನಳಿಗೆಯ ಒಳ ಅಗಲ, .44ರಂತೆ ಸುಮಾರಾಗಿ ಇಂಚಿನ ಲೆಕ್ಕದಲ್ಲಿ ಹೇಳುವುದು) ರಿವಾಲ್ವರ್ ಕೊಳ್ಳುವ ಬಗ್ಗೆ ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಇಲ್ಲಿ ಬೇಟೆಯ ಬಗ್ಗೆ ಹೇಳುವುದೆಲ್ಲ ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿರುವ ಅಮೆರಿಕದ ರಾಜ್ಯಗಳಿಗೆ ಸಂಬಂಧಿಸಿದ್ದು.

ಪ್ರಶ್ನೆ: ಇಷ್ಟು ವರ್ಷ ರೈಫಲ್‌ನಲ್ಲಿ ಜಿಂಕೆ ಬೇಟೆಯಾಡಿದ್ದೇನೆ. ಈಗ ರಿವಾಲ್ವರ್‌ನಲ್ಲಿ ಆಡುವ ಆಸೆ. ರೈಫಲ್ ಹಿಡಿದು ಹೋದಾಗಲೂ ಅದೇ ರಿವಾಲ್ವರ್ ಬೆಂಗಾವಲಿಗೆ ಮೈಮೇಲೆ ಇರಬೇಕು. .44 ಮ್ಯಾಗ್ನಮ್ ಸಾಕೇ, .454 ಇಲ್ಲವೇ .500ಕ್ಕೆ ಹೋಗಬೇಕೇ? ಎರಡು ಕೊಳ್ಳುವಷ್ಟು ಹಣವಿಲ್ಲ. (ಪೆನ್ಸಿಲ್ವೇನಿಯ)

ಉತ್ತರ: .44 ಮ್ಯಾಗ್ನಮ್ ಸಾಕು. ಬಿಳಿಬಾಲದ ಜಿಂಕೆ, ಕಾಡುಹಂದಿ, ಕಪ್ಪು ಕರಡಿ, ಮೂರಕ್ಕೂ ಸಾಕು. ಒಂದೇ ಕೊಳ್ಳುವುದಾದರೆ 5ರಿಂದ 6 ಇಂಚಿನ ಬ್ಯಾರೆಲ್, 1.3 ಕೆ.ಜಿ. ಆಸುಪಾಸಿನ ತೂಕ, ಆರು ತೋಟೆ ಹಿಡಿಸುವ ಡಬಲ್ ಆಕ್ಷನ್ (ಟ್ರಿಗರ್ ಎಳೆದರೆ ಸಾಕು, ತೋಟೆಗೆ ಬಡಿಯುವ ಹ್ಯಾಮರ್ ತಾನೇ ಎದ್ದು ಬೀಳುವ ಬಗೆ) ನೋಡಿ. ರೂಗರ್ ರೆಡ್‌ಹಾಕ್‌ನ 5.5 ಇಂಚಿನದು, ಸ್ಮಿತ್ ಅಂಡ್ ವೆಸನ್ 629ರ 5 ಅಥವಾ 6 ಇಂಚಿನದು ಈ ಅಳತೆಗೆ ಹೊಂದುತ್ತವೆ.

ಶಕ್ತಿಯ ಲೆಕ್ಕ ಹೀಗಿದೆ. .44 ಮ್ಯಾಗ್ನಮ್‌ನ 240 ಗ್ರೇನ್ ಗುಂಡು (ಸುಮಾರು 15.5 ಗ್ರಾಂ) ಸೆಕೆಂಡಿಗೆ 1,300 ಅಡಿ ವೇಗದಲ್ಲಿ ಹೊರಟರೆ ಅದರ ಶಕ್ತಿ 900 ಅಡಿ-ಪೌಂಡ್. .454 ಕಸೂಲ್‌ನ 300 ಗ್ರೇನ್ ಗುಂಡಿಗೆ 1,600 ಅಡಿ ವೇಗ ಸಿಕ್ಕರೆ 1,700. .500 ಸ್ಮಿತ್ ಅಂಡ್ ವೆಸನ್ 2,000 ದಾಟುತ್ತದೆ. ಈ ಅಂಕಿಗಳನ್ನು ನೋಡಿದವರು ದೊಡ್ಡದಕ್ಕೇ ಕೈ ಹಾಕುತ್ತಾರೆ. ಆದರೆ ಕೈಕೋವಿಯ ಗುಂಡು ರೈಫಲ್ ಗುಂಡಿನ ಹಾಗೆ ಸುತ್ತಲಿನ ಮಾಂಸವನ್ನು ದೂರದವರೆಗೆ ಛಿದ್ರಗೊಳಿಸುವುದಿಲ್ಲ. ಅದು ಕೊಲ್ಲುವುದು ತಾನು ಕೊರೆದ ತೂತಿನಿಂದ. ಆ ತೂತು ಎರಡೂ ಶ್ವಾಸಕೋಶ ಅಥವಾ ಹೃದಯದ ಮೂಲಕ ಹಾದು ಆಚೆ ಪಕ್ಕೆಯಿಂದ ಹೊರಬಂದರೆ ಕೆಲಸ ಮುಗಿಯಿತು. ಜಿಂಕೆಯ ಎದೆಗೂಡನ್ನು ಅಡ್ಡಲಾಗಿ ಹಾಯಲು .44ಕ್ಕೆ ಶಕ್ತಿ ಸಾಲದೆ ಹೋಗುವುದಿಲ್ಲ. ಹಾಯ್ದ ಮೇಲೆ ಉಳಿದ ಶಕ್ತಿ ಹಿಂದಿನ ಮಣ್ಣಿಗೆ.

ಹೆಚ್ಚಿನ ಶಕ್ತಿಗೆ ಬೆಲೆ ತೆರುವುದು ನಿಮ್ಮ ಕೈ. .500ರ 8⅜ ಇಂಚಿನ ರಿವಾಲ್ವರ್ ಹತ್ತಿರ ಹತ್ತಿರ ಎರಡು ಕೆ.ಜಿ. ತೂಗುತ್ತದೆ. ಬೇಟೆಯ ಮಚಾನಿಗೆ ಅದು ಸರಿ, ದಿನವಿಡೀ ಎದೆಯ ಮೇಲೆ ಹೊತ್ತು ಗುಡ್ಡ ಹತ್ತುವುದಕ್ಕಲ್ಲ. ಇನ್ನೂ ದೊಡ್ಡ ತೊಂದರೆ ಅಂಜಿಕೆಯದು. ಒದೆತಕ್ಕೆ ಹೆದರಿದ ಕೈ, ಈಡು ಹಾರುವ ಕ್ಷಣಕ್ಕೆ ಮೊದಲೇ ನಳಿಗೆಯನ್ನು ಕೆಳಗೆ ಒತ್ತುತ್ತದೆ. 50 ಗಜದಲ್ಲಿ ಆ ಒಂದು ಜರ್ಕು ಎದೆಗೆ ಬೀಳಬೇಕಾದ ಏಟನ್ನು ಮುಂಗಾಲಿಗೆ ಇಳಿಸುತ್ತದೆ. ಕಾಲು ಮುರಿದು ಓಡಿಹೋದ ಪ್ರಾಣಿ ಕಾಡಿನಲ್ಲಿ ನರಳಿ ಸಾಯುವುದಕ್ಕಿಂತ ಕೆಟ್ಟ ಬೇಟೆ ಇಲ್ಲ. ಆದ್ದರಿಂದ ನಿಮ್ಮ ಕೈ ಅಂಜದೆ ಹೊಡೆಯಬಲ್ಲ ಕ್ಯಾಲಿಬರೇ ನಿಮಗೆ ಸರಿಯಾದ ಕ್ಯಾಲಿಬರ್.

ಬ್ಯಾರೆಲ್ ವಿಷಯ. ಮೊಟಕು ಮಾಡಿದ ಪ್ರತಿ ಇಂಚಿಗೆ .44ರಲ್ಲಿ ಸೆಕೆಂಡಿಗೆ ಸುಮಾರು 30ರಿಂದ 50 ಅಡಿ ವೇಗ ಕಳೆಯುತ್ತದೆ. ಅದಕ್ಕಿಂತ ಮುಖ್ಯವಾದ ನಷ್ಟ ಮುಂದಿನ ಮತ್ತು ಹಿಂದಿನ ಸೈಟ್‌ಗಳ (ಗುರಿ ಹಿಡಿಯುವ ಮೊನೆಗಳ) ನಡುವಿನ ಅಂತರದ್ದು. ಅದು ಕಿರಿದಾದಷ್ಟೂ ಗುರಿಯ ಸಣ್ಣ ತಪ್ಪು ದೂರದಲ್ಲಿ ದೊಡ್ಡದಾಗುತ್ತದೆ. 7.5 ಇಂಚು ಬೇಟೆಗೆ ಬಹಳ ಚೆನ್ನ, ಆದರೆ ಕೂತರೆ ತೊಡೆಗೆ ಒತ್ತುತ್ತದೆ, ಹೊರಗೆಳೆಯುವುದಕ್ಕೆ ತೋಳು ಪೂರ್ತಿ ಎತ್ತಬೇಕು. 2.5 ಇಂಚಿನದು ಜತೆಗಿಟ್ಟುಕೊಳ್ಳಲು ಹಗುರ, ಬೇಟೆಗೆ ಬೇಡ. ಕಾನೂನೂ ಅಡ್ಡ ಬರುತ್ತದೆ: ಇಲಿನಾಯ್‌ನಲ್ಲಿ ಜಿಂಕೆಗೆ ಬಳಸುವ ಕೈಕೋವಿಯ ಬ್ಯಾರೆಲ್ ಕನಿಷ್ಠ 4 ಇಂಚು ಇರಲೇಬೇಕು. ಕೊಳ್ಳುವ ಮೊದಲು ನಿಮ್ಮ ರಾಜ್ಯದ ಆ ವರ್ಷದ ಬೇಟೆ ನಿಯಮ ಪುಸ್ತಕದಲ್ಲಿ ಕ್ಯಾಲಿಬರ್, ಬ್ಯಾರೆಲ್ ಉದ್ದ, ಗುಂಡಿನ ಬಗೆ ಮೂರನ್ನೂ ನೋಡಿಕೊಳ್ಳಿ.

ಸಿಂಗಲ್ ಆಕ್ಷನ್ (ಪ್ರತಿ ಏಟಿಗೂ ಹ್ಯಾಮರನ್ನು ಕೈಯಿಂದ ಎಳೆಯಬೇಕಾದ ಬಗೆ) ರೂಗರ್ ಸೂಪರ್ ಬ್ಲ್ಯಾಕ್‌ಹಾಕ್ ಅಗ್ಗ, ಗಟ್ಟಿ, ಗುರಿಗಾರ. ಬೇಟೆಗಷ್ಟೇ ಆದರೆ ಅದನ್ನೇ ಕೊಳ್ಳಿ ಎನ್ನುತ್ತಿದ್ದೆವು. ಬೆಂಗಾವಲಿಗೂ ಬೇಕೆನ್ನುವ ನಿಮಗೆ ಡಬಲ್ ಆಕ್ಷನ್ ಏಕೆಂದರೆ, ಒಂದು ಕೈಗೆ ಪೆಟ್ಟಾಗಿ ಇನ್ನೊಂದೇ ಉಳಿದಾಗ ಪ್ರತಿ ಏಟಿಗೂ ಹ್ಯಾಮರ್ ಎಳೆಯುವುದು ಕಷ್ಟ. ಬೇಟೆಯಲ್ಲಿ ಮಾತ್ರ ಡಬಲ್ ಆಕ್ಷನ್ನನ್ನೂ ಹ್ಯಾಮರ್ ಎಳೆದೇ ಹೊಡೆಯಿರಿ. ಟ್ರಿಗರ್ ಎಷ್ಟೋ ಹಗುರಾಗುತ್ತದೆ.

ಸ್ಕೋಪ್ ಕೂರಿಸಿದರೆ ಅದು ಬೇಟೆಯ ಕೋವಿ ಮಾತ್ರ ಆಗುತ್ತದೆ, ಹೋಲ್‌ಸ್ಟರ್‌ಗೆ ಇಳಿಯುವುದಿಲ್ಲ. ಎರಡೂ ಬೇಕಾದರೆ ಕಬ್ಬಿಣದ ಸೈಟ್, ಇಲ್ಲವೇ ಚಿಕ್ಕ ರೆಡ್ ಡಾಟ್ (ಗುರಿಗೆ ಕೆಂಪು ಚುಕ್ಕೆ ತೋರಿಸುವ ಸೈಟ್). ನಿಮ್ಮ ಗರಿಷ್ಠ ದೂರ ಎಷ್ಟು ಎಂಬುದನ್ನು ತೋಟೆಯ ಡಬ್ಬಿಯಿಂದ ತಿಳಿಯಬೇಡಿ. 6 ಇಂಚು ಅಗಲದ ಕಾಗದದ ತಟ್ಟೆಯನ್ನು 25 ಗಜದಲ್ಲಿಟ್ಟು, ಕಾಡಿನಲ್ಲಿ ಹೊಡೆಯುವ ಭಂಗಿಯಲ್ಲೇ, ಅಂದರೆ ಕೂತು ಮೊಣಕಾಲಿಗೆ ಕೈ ಆನಿಸಿ ಅಥವಾ ಕವೆಗೋಲಿನ ಮೇಲಿಟ್ಟು, ಆರು ಗುಂಡು ಹೊಡೆಯಿರಿ. ಆರೂ ತಟ್ಟೆಯಲ್ಲಿದ್ದರೆ ಹತ್ತು ಗಜ ಹಿಂದಕ್ಕೆ ಸರಿಯಿರಿ. ಒಂದು ತಪ್ಪಿದ ದೂರಕ್ಕಿಂತ ಈಚೆಗೆ ನಿಮ್ಮ ಗಡಿ. ಕಬ್ಬಿಣದ ಸೈಟಿನಲ್ಲಿ ಹೆಚ್ಚಿನವರಿಗೆ ಇದು 50 ಗಜದೊಳಗೇ ನಿಲ್ಲುತ್ತದೆ.

ಪ್ರಶ್ನೆ: ಕಾಡುಹಂದಿಗೆ .44ರಲ್ಲಿ ಯಾವ ಗುಂಡು? ಹಾಲೋ ಪಾಯಿಂಟ್ (ಮೂತಿಯಲ್ಲಿ ಗುಳಿಯಿದ್ದು, ತಾಗಿದಾಗ ಅರಳುವ ಗುಂಡು) ಹಾಕಿದರೆ ಭುಜದಲ್ಲೇ ನಿಂತುಬಿಡುತ್ತದೆ ಎನ್ನುತ್ತಾರೆ. (ಟೆಕ್ಸಸ್)

ಉತ್ತರ: ಯಾವ ಹಾಲೋ ಪಾಯಿಂಟ್ ಎಂಬುದರ ಮೇಲೆ ಹೋಗುತ್ತದೆ. 180 ಗ್ರೇನಿನ ಹಗುರ ಗುಂಡು ವೇಗವಾಗಿ ಹೋಗಿ ಬೇಗ ಅರಳುತ್ತದೆ, ಆಳಕ್ಕಿಳಿಯುವುದಿಲ್ಲ. ದೊಡ್ಡ ಗಂಡುಹಂದಿಯ ಭುಜದ ಮೇಲಿನ ದಪ್ಪ ಚರ್ಮದ ಕವಚ ಮತ್ತು ಭುಜದೆಲುಬು ಅದನ್ನು ತಡೆದೇಬಿಡಬಹುದು. ಬೇಟೆಗೆಂದೇ ಮಾಡಿದ 240 ಗ್ರೇನಿನ, ಗಟ್ಟಿ ಜಾಕೆಟ್ಟಿನ, ಅಂದರೆ ತಾಮ್ರದ ಹೊದಿಕೆಯ, ಹಾಲೋ ಪಾಯಿಂಟ್ (ಹಾರ್ನಡಿ ಎಕ್ಸ್‌ಟಿಪಿ ಈ ಜಾತಿಯದು) ಜಿಂಕೆಗೆ ಮತ್ತು ಅಡ್ಡಲಾಗಿ ನಿಂತ ಹಂದಿಗೆ ಸರಿ. ಓರೆಯಾಗಿ ನಿಂತ ದೊಡ್ಡ ಹಂದಿ, ಕರಡಿ ಎಂದರೆ 280ರಿಂದ 305 ಗ್ರೇನಿನ, ಅಗಲವಾದ ಚಪ್ಪಟೆ ಮೂತಿಯ, ಗಡಸು ಸೀಸದ ಎರಕದ ಗುಂಡು. ಅದು ಅರಳುವುದಿಲ್ಲ, ಚಪ್ಪಟೆ ಮೂತಿಯಿಂದ ದಾರಿ ಕೊರೆದುಕೊಂಡು ನೇರ ಹೋಗುತ್ತದೆ. ಉರುಟು ಮೂತಿಯ ಗುಂಡು ಬೇಡ, ಎಲುಬಿಗೆ ತಾಗಿದರೆ ದಾರಿ ತಪ್ಪುತ್ತದೆ.

ಗಡಸು ಗುಂಡು ಹಂದಿಯ ಆಚೆ ಪಕ್ಕೆಯಿಂದ ಹೊರಬಂದು ಇನ್ನೂ ಹೋಗುತ್ತದೆ. ಹಿಂದೆ ನಿಂತ ಇನ್ನೊಂದು ಹಂದಿ, ದನ, ಮನುಷ್ಯ, ಮನೆ ಯಾವುದೂ ಇರಬಾರದು. ಹಿಂಡಿಗೆ ಗುರಿ ಹಿಡಿಯುವಾಗ ಇದು ಮರೆತುಹೋಗುತ್ತದೆ.

ಗುಂಡಿನ ತೂಕ ಬದಲಿಸಿದರೆ ಸೈಟ್ ಮತ್ತೆ ಹೊಂದಿಸಬೇಕು. ರಿವಾಲ್ವರ್‌ನಲ್ಲಿ ಭಾರದ, ನಿಧಾನದ ಗುಂಡು ಹತ್ತಿರದ ಗುರಿಯಲ್ಲಿ ಮೇಲಕ್ಕೆ ಬೀಳುತ್ತದೆ. ಗುಂಡು ನಳಿಗೆ ಬಿಡುವುದರೊಳಗೆ ಒದೆತಕ್ಕೆ ನಳಿಗೆ ಹೆಚ್ಚು ಮೇಲೆದ್ದಿರುವುದೇ ಕಾರಣ. ಸೀಸದ ಗುಂಡು ಹೊಡೆದ ಮೇಲೆ ನಳಿಗೆಯಲ್ಲಿ ಅಂಟಿದ ಸೀಸವನ್ನು ತಾಮ್ರದ ಬ್ರಶ್ಶಿನಿಂದ ತೆಗೆಯದೆ ಜಾಕೆಟ್ ಗುಂಡು ಹೊಡೆಯಬೇಡಿ, ಒತ್ತಡ ಏರುತ್ತದೆ.

ಪ್ರಶ್ನೆ: ನನ್ನ ಬಳಿ .454 ಕಸೂಲ್ ಇದೆ, ಗೆಳೆಯರ ಬಳಿ ಹಳೆಯ ಮಾದರಿಯ .45 ಕೋಲ್ಟ್ ಸಿಂಗಲ್ ಆಕ್ಷನ್. ತೋಟೆ ಹಂಚಿಕೊಳ್ಳಬಹುದೇ? (ಕೊಲರಾಡೊ)

ಉತ್ತರ: ಅವರ ಮಾಮೂಲಿ .45 ಕೋಲ್ಟ್ ತೋಟೆಯನ್ನು ನೀವು ಹೊಡೆಯಬಹುದು. ನಿಮ್ಮ .454 ಅವರ ಚೇಂಬರ್‌ನಲ್ಲಿ (ಸಿಲಿಂಡರಿನಲ್ಲಿ ತೋಟೆ ಕೂರುವ ತೂತು) ಕೂರದಷ್ಟು ಉದ್ದ. ಅದಕ್ಕೆಂದೇ ಉದ್ದ ಮಾಡಿದ್ದು. ಅಪಾಯ ಇರುವುದು ಮೂರನೆಯ ಬಗೆಯಲ್ಲಿ: .45 ಕೋಲ್ಟ್ ಕೇಸಿನಲ್ಲೇ (ತೋಟೆಯ ಲೋಹದ ಕವಚ) ಹೆಚ್ಚು ಮದ್ದು ತುಂಬಿ, ರೂಗರ್‌ನಂಥ ಗಟ್ಟಿ ರಿವಾಲ್ವರ್‌ಗೆ ಮಾತ್ರ ಎಂದು ಡಬ್ಬಿಯ ಮೇಲೆ ಬರೆದು ಮಾರುವ ತೋಟೆ. 1873ರ .45 ಕೋಲ್ಟ್‌ಗೆ ಉದ್ಯಮದ ಒತ್ತಡದ ಮಿತಿ 14,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಈ ಬಿಸಿ ತೋಟೆಗಳು ಅದರ ಎರಡರಷ್ಟು ಹೋಗುತ್ತವೆ. .454ರ ಮಿತಿ 65,000, .44 ಮ್ಯಾಗ್ನಮ್‌ನದು 36,000. ಬಿಸಿ ತೋಟೆ ಗೆಳೆಯರ ಕೋಲ್ಟ್‌ನಲ್ಲಿ ಸಲೀಸಾಗಿ ಕೂರುತ್ತದೆ, ಹೊಡೆದರೆ ಸಿಲಿಂಡರ್ ಒಡೆಯಬಹುದು. ಅಂಥವನ್ನು ಬಿಡಿಯಾಗಿ ಜೇಬಿಗೆ ಹಾಕಿಕೊಳ್ಳಬೇಡಿ, ಡಬ್ಬಿಯಲ್ಲೇ ಇರಲಿ.

ಗಿಡ್ಡ ಕೇಸಿನ ತೋಟೆ ಬಹಳ ಹೊಡೆದರೆ ಚೇಂಬರ್ ಒಳಗೆ ಕೇಸಿನ ಬಾಯಿ ಇದ್ದಲ್ಲಿ ಮಸಿಯ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದದ ತೋಟೆ ಅಲ್ಲಿ ಸಿಕ್ಕಿಕೊಂಡು ಹೊರಬರುವುದಿಲ್ಲ. .44 ಸ್ಪೆಷಲ್ ಹೊಡೆದು .44 ಮ್ಯಾಗ್ನಮ್‌ಗೆ ಮರಳುವವರಿಗೂ ಇದೇ ಮಾತು. ಸಾಲ್ವೆಂಟ್ ಹಚ್ಚಿ ಕಾಲು ಗಂಟೆ ಬಿಟ್ಟು, ಚೇಂಬರ್ ಬ್ರಶ್ಶನ್ನು ತಿರುಗಿಸುತ್ತ ಉಜ್ಜಿದರೆ ಹೋಗುತ್ತದೆ.

ಪ್ರಶ್ನೆ: ಹಳೆಯ ದೊಡ್ಡ ರಿವಾಲ್ವರ್ ಕೊಳ್ಳುವಾಗ ಅಂಗಡಿಯಲ್ಲಿ ನಿಂತಲ್ಲೇ ಏನು ನೋಡಬೇಕು? (ಓಹಾಯೊ)

ಉತ್ತರ: ಮೊದಲು ಸಿಲಿಂಡರ್ ತೆರೆದು ಆರೂ ಚೇಂಬರ್ ಖಾಲಿ ಇರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಒಣ ಹೊಡೆತಕ್ಕೆ (ತೋಟೆಯಿಲ್ಲದೆ ಟ್ರಿಗರ್ ಎಳೆಯುವುದಕ್ಕೆ) ಅಂಗಡಿಯವರನ್ನು ಕೇಳಿ. ಸಿಲಿಂಡರಿಗೆ ಬೆರಳು ಸವರುವಷ್ಟು ತಡೆ ಕೊಟ್ಟು ಹ್ಯಾಮರನ್ನು ನಿಧಾನವಾಗಿ ಎಳೆಯಿರಿ. ಹ್ಯಾಮರ್ ನಿಲ್ಲುವುದರೊಳಗೆ ಸಿಲಿಂಡರ್ ಟಕ್ಕೆಂದು ಕೂತಿರಬೇಕು. ಆರು ಚೇಂಬರಿಗೂ ಹೀಗೆ ಮಾಡಿ, ಒಂದೇ ಒಂದು ಕೂರದಿದ್ದರೂ ಟೈಮಿಂಗ್ ಹೋಗಿದೆ. ಹಾಗಿದ್ದರೆ ಗುಂಡು ನಳಿಗೆಯ ಬಾಯಿಗೆ ಓರೆಯಾಗಿ ಹೊಕ್ಕು ಸೀಸದ ಚೂರು ಪಕ್ಕದಿಂದ ಹಾರುತ್ತದೆ, ಪಕ್ಕದಲ್ಲಿ ನಿಂತವರಿಗೆ ತಾಗುತ್ತದೆ.

ಆಮೇಲೆ ಸಿಲಿಂಡರನ್ನು ಹಿಂದೆ ಮುಂದೆ ಆಡಿಸಿ ನೋಡಿ. ಕಂಡೂ ಕಾಣದಷ್ಟು ಆಟ ಸರಿ, ಟಕಟಕ ಎಂದರೆ ಬಿಸಿ ತೋಟೆ ತಿಂದು ಸವೆದಿದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯನ್ನು ಫೀಲರ್ ಗೇಜ್‌ನಿಂದ ಅಳೆಯಿರಿ: 0.004ರಿಂದ 0.008 ಇಂಚು (0.1ರಿಂದ 0.2 ಮಿ.ಮೀ.) ಒಳ್ಳೆಯದು. ತೀರಾ ಕಿರಿದಾದರೆ ಬಿಸಿಯಾದಾಗ, ಮಸಿ ಕಟ್ಟಿದಾಗ ಸಿಲಿಂಡರ್ ಕಚ್ಚುತ್ತದೆ. 0.012 ದಾಟಿದರೆ ಅನಿಲ ಸೋರಿ ವೇಗ ಬೀಳುತ್ತದೆ. ನಳಿಗೆಯ ಹಿಂಬಾಯಿಯ ಕೋನ್ ಭಾಗಕ್ಕೆ ಟಾರ್ಚ್ ಹಾಕಿ ಕೂದಲೆಳೆಯ ಬಿರುಕು ಹುಡುಕಿ. ಸಿಕ್ಕರೆ ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬಿಡಿ. ಸಂದಿಯ ನೇರ ಮೇಲೆ ಚೌಕಟ್ಟಿನಲ್ಲಿ ಬೆಂಕಿ ಕೊರೆದ ಸಣ್ಣ ಗೀರು ಇರುವುದು ಸಹಜ, ಹೆದರಬೇಕಿಲ್ಲ.

ರೂಗರ್‌ನ ಹಳೆಯ ಸಿಂಗಲ್ ಆಕ್ಷನ್ ಆದರೆ ಚೌಕಟ್ಟಿನ ಪಕ್ಕದಲ್ಲಿ ಮೂರು ತಿರುಪುಗಳಿವೆಯೇ ನೋಡಿ. 1973ಕ್ಕೆ ಮೊದಲಿನ ಆ ಮಾದರಿಯಲ್ಲಿ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆಯದೆ ಈಡು ಹಾರದಂತೆ ಕಾಯುವ ಪಟ್ಟಿ) ಇರಲಿಲ್ಲ. ಬಿದ್ದರೆ ಈಡು ಹಾರಬಹುದು. ಅದರಲ್ಲಿ ಐದೇ ತೋಟೆ ತುಂಬಿ, ಹ್ಯಾಮರನ್ನು ಖಾಲಿ ಚೇಂಬರಿನ ಮೇಲೆ ಇಳಿಸಿ ಒಯ್ಯಬೇಕು.

ಪ್ರಶ್ನೆ: ಮೀನು ಹಿಡಿಯಲು, ಮೂಸ್ ಬೇಟೆಗೆ ಹೋಗುವಾಗ ಕಂದು ಕರಡಿಯ ಭಯ. 700 ಗ್ರಾಂ ತೂಗುವ ಹಗುರ .44 ನೋಡಿದ್ದೇನೆ, ಇಡೀ ದಿನ ಹೊರಬಹುದು. ಕೊಳ್ಳಲೇ? ಸಿಯಾಟಲ್‌ನಿಂದ ಕಾರಿನಲ್ಲೇ ಒಯ್ಯುವ ಯೋಚನೆ. (ಅಲಾಸ್ಕಕ್ಕೆ ವಾಸ ಬದಲಿಸುತ್ತಿರುವ ಓದುಗರು)

ಉತ್ತರ: ಕಾರಿನಲ್ಲಿ ಕೆನಡಾ ದಾಟಿ ಹೋಗುವುದಾದರೆ ರಿವಾಲ್ವರ್ ಜತೆಯಲ್ಲಿ ಇರಕೂಡದು. ಕರಡಿಗೆಂದು ಹೇಳಿದರೂ ಗಡಿಯಲ್ಲಿ ಬಿಡುವುದಿಲ್ಲ. 2022ರ ಅಕ್ಟೋಬರ್‌ನಿಂದ ಅಲ್ಲಿ ಕೈಕೋವಿಗಳ ಆಮದಿಗೂ ಮಾರಾಟಕ್ಕೂ ಬಿಗಿ ತಡೆ ಇದೆ. ನೇರ ವಿಮಾನದಲ್ಲಿ, ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರ್‌ನಲ್ಲಿ ಹೇಳಿ ಚೆಕ್-ಇನ್ ಸಾಮಾನಿಗೆ ಹಾಕಿ. ಇಲ್ಲವೇ ಹೋದ ಮೇಲೆ ಅಲ್ಲೇ ಕೊಳ್ಳಿ.

ಹಗುರ ಕೋವಿಯ ವಿಷಯ ಬಿಡಿಸಿ ಹೇಳಬೇಕು. ಅದೇ ತೋಟೆಗೆ ಕೋವಿಯ ತೂಕ ಅರ್ಧವಾದರೆ ಒದೆತದ ಶಕ್ತಿ ಸುಮಾರು ಎರಡರಷ್ಟು. 1.4 ಕೆ.ಜಿ.ಯ ರಿವಾಲ್ವರ್‌ನಲ್ಲಿ ಬೇಟೆಯ ತೋಟೆ ಗಟ್ಟಿಯಾಗಿ ತಳ್ಳುತ್ತದೆ. 700 ಗ್ರಾಮಿನದರಲ್ಲಿ ಅಂಗೈಗೆ ಸುತ್ತಿಗೆಯ ಪೆಟ್ಟು. ಎರಡನೆಯ ಏಟಿಗೆ ನಳಿಗೆಯನ್ನು ಮತ್ತೆ ಗುರಿಗೆ ತರುವಷ್ಟರಲ್ಲಿ ಓಡಿಬರುವ ಕರಡಿ ಮೇಲೆ ಬಿದ್ದಿರುತ್ತದೆ.

ಇನ್ನೊಂದು ಕೇಡು ಕಣ್ಣಿಗೆ ಕಾಣುವುದಿಲ್ಲ. ಒದೆತಕ್ಕೆ ಕೋವಿ, ಸಿಲಿಂಡರ್, ತೋಟೆಯ ಕೇಸು ಎಲ್ಲವೂ ಹಿಂದಕ್ಕೆ ಚಿಮ್ಮುತ್ತವೆ, ಕೇಸಿನ ಬಾಯಲ್ಲಿರುವ ಭಾರದ ಗುಂಡು ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ಹಿಡಿತ ಸಡಿಲಾಗಿದ್ದರೆ ಪ್ರತಿ ಏಟಿಗೂ ಉಳಿದ ತೋಟೆಗಳ ಗುಂಡು ಕೂದಲಷ್ಟು ಮುಂದೆ ಸರಿಯುತ್ತ, ಕೊನೆಗೆ ಸಿಲಿಂಡರಿನ ಮುಂಬದಿಯಿಂದ ಹೊರಚಾಚಿ ಸಿಲಿಂಡರ್ ತಿರುಗದಂತೆ ಕಟ್ಟಿಹಾಕುತ್ತದೆ. ಕೋವಿ ಹಗುರಾದಷ್ಟೂ, ಗುಂಡು ಭಾರವಾದಷ್ಟೂ ಇದು ಹೆಚ್ಚು. ಪರೀಕ್ಷೆ ಸುಲಭ: ಒಂದು ತೋಟೆಗೆ ಮಾರ್ಕರ್‌ನಿಂದ ಗುರುತು ಹಾಕಿ, ಕ್ಯಾಲಿಪರ್‌ನಲ್ಲಿ ಉದ್ದ ಅಳೆದು ಬರೆದುಕೊಳ್ಳಿ. ಅದನ್ನು ಕೊನೆಗೆ ಉಳಿಸಿ ಉಳಿದವನ್ನು ಹೊಡೆಯಿರಿ. ಮತ್ತೆ ಅಳೆದಾಗ ಗುಂಡು ಕೇಸಿನಿಂದ ಮುಂದೆ ಬಂದಿದ್ದರೆ ಆ ತೋಟೆ ಆ ಕೋವಿಗೆ ಬೇಡ. ಮನೆಯಲ್ಲೇ ತೋಟೆ ತುಂಬುವವರು ಕೇಸಿನ ಬಾಯನ್ನು ಗುಂಡಿನ ಗೀರಿನೊಳಕ್ಕೆ ಗಟ್ಟಿಯಾಗಿ ಮಡಿಸಬೇಕು.

ನಮ್ಮ ಸಲಹೆ: 4 ಇಂಚಿನ ಆಸುಪಾಸಿನ, ಒಂದು ಕೆ.ಜಿ.ಗಿಂತ ಕಡಿಮೆಯಿಲ್ಲದ ಉಕ್ಕಿನ .44, ಗಡಸು ಎರಕದ ಚಪ್ಪಟೆ ಮೂತಿ ಗುಂಡು, ಎದೆಯ ಮೇಲಿನ ಹೋಲ್‌ಸ್ಟರ್. ಸೊಂಟದ ಹೋಲ್‌ಸ್ಟರ್ ಬೆನ್ನುಚೀಲದ ಪಟ್ಟಿಯಡಿ ಹೂತುಹೋಗುತ್ತದೆ, ನೀರಿಗಿಳಿದರೆ ನೆನೆಯುತ್ತದೆ. ಇದರ ಜತೆಗೆ ಕರಡಿ ಸ್ಪ್ರೇ ಇರಲೇಬೇಕು. ಕನಿಷ್ಠ 7.9 ಔನ್ಸಿನ ಡಬ್ಬಿ, ಕೈಗೆಟುಕುವಲ್ಲಿ, ಕರಡಿ ಸುಮಾರು 30 ಅಡಿಗೆ ಬಂದಾಗ ಅದರ ಮುಂದೆ ಮೋಡ ಕಟ್ಟುವಂತೆ, ತುಸು ಕೆಳಗೆ. ನಡುಗುವ ಕೈಗೆ ಸ್ಪ್ರೇಯ ಗುರಿ ಸುಲಭ. ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ, ಹೆಂಡತಿ ಎಚ್-4. ಕೋವಿ ಕೊಳ್ಳಬಹುದೇ? (ನಾರ್ತ್ ಕ್ಯಾರೊಲೈನ)

ಉತ್ತರ: ವಲಸೆಯೇತರ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲ ಇದರಲ್ಲಿ ಬರುತ್ತವೆ. ವಿನಾಯಿತಿಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು, ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯ ಬೇಟೆ ಪರವಾನಗಿ. ಅದರ ಅವಧಿ ಮುಗಿದ ದಿನ ಕೋವಿ ನಿಮ್ಮ ಕೈಯಲ್ಲಿದ್ದರೆ ಅಪರಾಧ, ವೀಸಾಕ್ಕೂ ಕುತ್ತು. ಇಬ್ಬರಲ್ಲಿ ಒಬ್ಬರಿಗೇ ಪರವಾನಗಿ ಇದ್ದರೆ ಪೆಟ್ಟಿಗೆಯ ಬೀಗದ ಕೈ ಇನ್ನೊಬ್ಬರ ಬಳಿ ಇರಬಾರದು. ಅಂಗಡಿಯಿಂದ ಕೈಕೋವಿ ಕೊಳ್ಳಲು 21 ವರ್ಷ ತುಂಬಿರಬೇಕು, ನೀವು ವಾಸವಿರುವ ರಾಜ್ಯದಲ್ಲೇ ಕೊಳ್ಳಬೇಕು. ಗೆಳೆಯರ ಹೆಸರಿನಲ್ಲಿ ತರಿಸಿಕೊಳ್ಳುವುದು ಇಬ್ಬರಿಗೂ ಜೈಲಿನ ದಾರಿ. ರಾಜ್ಯದ ನಿಯಮ ಇನ್ನೂ ಬಿಗಿ ಇರಬಹುದು, ಕೊಳ್ಳುವ ಮೊದಲು ವಲಸೆ ವಕೀಲರನ್ನು ಒಮ್ಮೆ ಕೇಳಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸದು.

ಪ್ರಶ್ನೆ: ಅಣ್ಣನ ಮಗ ಅಮೆರಿಕದಲ್ಲಿ .44 ಇಟ್ಟಿದ್ದಾನೆ. ಊರಿಗೆ ಮರಳುವಾಗ ತಂದರೆ ನಮ್ಮ ಜಮ್ಮಾ ಕೋವಿ ವಿನಾಯಿತಿಯಲ್ಲಿ ಸೇರುತ್ತದೆಯೇ? (ಮಡಿಕೇರಿ)

ಉತ್ತರ: ಇಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವ ಪರವಾನಗಿಗೆ ಸಂಬಂಧಿಸಿದ್ದು. ಹೊರದೇಶದಿಂದ ಆಯುಧ ತರಲು ಶಸ್ತ್ರಾಸ್ತ್ರ ಕಾಯ್ದೆಯ 10ನೇ ಕಲಮಿನಡಿ ಬೇರೆಯೇ ಆಮದು ಪರವಾನಗಿ ಬೇಕು, ಅಮೆರಿಕದಿಂದ ರಫ್ತಿಗೆ ಅಲ್ಲಿನ ಅನುಮತಿಯೂ ಬೇಕು. ಸಾಮಾನಿನಲ್ಲಿ ಒಂದು ತೋಟೆ ಮರೆತು ಬಂದರೂ ವಿಮಾನ ನಿಲ್ದಾಣದಲ್ಲಿ ಕೇಸಾಗುತ್ತದೆ. ಅಲ್ಲೇ ಮಾರಿ ಬರಲು ಹೇಳಿ.

ಪ್ರಶ್ನೆ: ಹೊಸ .44ರಲ್ಲಿ ಮೂರು ಡಬ್ಬಿ ಹೊಡೆದೆ. ಗುರಿ ದಿನೇ ದಿನೇ ಕೆಡುತ್ತಿದೆ, ಜತೆಗೆ ಸಿಲಿಂಡರ್ ಮುಚ್ಚುವಾಗ ಬಿಗಿಯುತ್ತದೆ. (ವಿಸ್ಕಾನ್ಸಿನ್)

ಉತ್ತರ: ಎರಡನೆಯದು ಮೊದಲು. ಖಾಲಿ ಕೇಸು ಉದುರಿಸುವಾಗ ನಳಿಗೆ ಕೆಳಮುಖವಾಗಿತ್ತೇ? ಹಾಗಿದ್ದರೆ ಉರಿಯದ ಮದ್ದಿನ ಕಾಳು ಹಿಂದಿನ ನಕ್ಷತ್ರಾಕಾರದ ಎಕ್ಸ್‌ಟ್ರಾಕ್ಟರಿನ ಅಡಿಗೆ ಬಿದ್ದು ಕೂತಿದೆ. ಒಂದೇ ಕಾಳು ಸಾಕು, ಸಿಲಿಂಡರ್ ಉಜ್ಜತೊಡಗುತ್ತದೆ. ಎಕ್ಸ್‌ಟ್ರಾಕ್ಟರ್ ಎತ್ತಿ ಹಿಡಿದು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅದರ ಅಡಿಯನ್ನು ಗುಡಿಸಿ. ಮುಂದೆ ಕೇಸು ತೆಗೆಯುವಾಗ ನಳಿಗೆ ಆಕಾಶಕ್ಕಿರಲಿ, ಎಜೆಕ್ಟರ್ ಕಡ್ಡಿಗೆ ಅಂಗೈಯಿಂದ ಒಂದೇ ಗಟ್ಟಿ ಏಟು ಕೊಡಿ. ಕಡ್ಡಿ ತಿರುಪು ಸಡಿಲಾಗಿ ಮುಂದೆ ಬಂದಿದ್ದರೂ ಹೀಗೇ ಬಿಗಿಯುತ್ತದೆ, ಬೆರಳಿನಿಂದ ತಿರುಗಿಸಿ ನೋಡಿ.

ಗುರಿ ಕೆಡುತ್ತಿರುವುದು ಅಂಜಿಕೆ ಬೆಳೆಯುತ್ತಿರುವುದರಿಂದ. ಬೇಟೆಯ ತೋಟೆ ನಿಲ್ಲಿಸಿ. ಸಿಲಿಂಡರಿನಲ್ಲಿ ಮೂರು .44 ಸ್ಪೆಷಲ್, ಮೂರು ಖಾಲಿ ಕೇಸು ಹಾಕಿ, ಕಣ್ಣುಮುಚ್ಚಿ ಸಿಲಿಂಡರ್ ತಿರುಗಿಸಿ ಮುಚ್ಚಿ, ನಳಿಗೆ ಗುರಿಯತ್ತಲೇ ಇರಲಿ. ಖಾಲಿ ಕೇಸಿನ ಮೇಲೆ ಹ್ಯಾಮರ್ ಬಿದ್ದಾಗ ಮುಂದಿನ ಸೈಟ್ ಕೆಳಕ್ಕೆ ಕುಸಿದರೆ ನಿಮ್ಮ ತಪ್ಪು ನಿಮಗೇ ಕಾಣುತ್ತದೆ. ಸೈಟ್ ಅಲುಗದಿರುವವರೆಗೂ ಇದನ್ನೇ ಮಾಡಿ. ಕಿವಿಯೊಳಗೆ ಬಿರಡೆ, ಮೇಲೆ ಇಯರ್‌ಮಫ್ ಎರಡೂ ಇರಲಿ. .44ರ ಸದ್ದು 160 ಡೆಸಿಬೆಲ್ ಮುಟ್ಟುತ್ತದೆ, ಅರ್ಧ ಅಂಜಿಕೆ ಸದ್ದಿನದೇ. ಹಿಡಿಯನ್ನು ಆದಷ್ಟು ಮೇಲೆ ಹಿಡಿಯಿರಿ, ಇನ್ನೊಂದು ಕೈಯ ಹೆಬ್ಬೆರಳು ಸಿಲಿಂಡರಿನ ಮುಂದಿನ ಸಂದಿಯ ಹತ್ತಿರ ಹೋಗದಿರಲಿ. ಅಲ್ಲಿಂದ ಹೊರಚಿಮ್ಮುವ ಅನಿಲ ಮಾಂಸ ಸೀಳುತ್ತದೆ. ಬೇಟೆಯ ತೋಟೆಗೆ ಮರಳಿದಾಗ ಒಂದು ದಿನಕ್ಕೆ ಹನ್ನೆರಡು ಸಾಕು, ಕೈ ದಣಿದ ಮೇಲೆ ಹೊಡೆದದ್ದೆಲ್ಲ ಅಂಜಿಕೆಯ ಅಭ್ಯಾಸ.

ನಿಮ್ಮ ಕೋವಿಯನ್ನು ಬೇರೆಯವರಿಗೆ ಮೊದಲ ಸಲ ಹೊಡೆಯಲು ಕೊಡುವಾಗ ಸಿಲಿಂಡರಿನಲ್ಲಿ ಒಂದೇ ಒಂದು ತೋಟೆ ಇರಲಿ. ದೊಡ್ಡ ಒದೆತಕ್ಕೆ ಕೋವಿ ತಲೆಯ ಮೇಲೆ ಎದ್ದಾಗ ಹೊಸಬರ ಬೆರಳು ತಿಳಿಯದೆ ಮತ್ತೊಮ್ಮೆ ಟ್ರಿಗರ್ ಎಳೆಯುತ್ತದೆ, ಆಗ ನಳಿಗೆ ಯಾವ ಕಡೆಗಿರುತ್ತದೆಂದು ಹೇಳಲಾಗದು. .454, .500ರಲ್ಲಿ ಇದು ಇನ್ನೂ ಹೆಚ್ಚು.